ಆರು ತಾಯಿ ಕಾರ್ಡುಗಳು: ರಾಯಚೂರು ಜಿಲ್ಲೆಯ ಒಂದು ಮನೆಯ ಪ್ರಕರಣ

ಈ ಬರಹದಲ್ಲಿ ಊರಿನ ಹೆಸರಿಲ್ಲ, ಮನೆಯವರ ಹೆಸರೂ ಇಲ್ಲ. ಗುರುತು ಹತ್ತಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ಬರೆದದ್ದನ್ನು ಆ ಮನೆಯ ಸೊಸೆಗೂ ಹಿರಿಮಗಳಿಗೂ ಓದಿ ಹೇಳಿದೆ. "ಹೆಸರು ಒಂದು ಬ್ಯಾಡ್ರಿ ನರ್ಸಮ್ಮ, ಉಳಿದದ್ದು ಆಗಿದ್ದೇ ಐತಿ, ಬರೀರಿ" ಅಂದಳು ಸೊಸೆ. ಹಾಗಾಗಿ ಸೊಸೆ, ಅತ್ತೆ, ಹಿರಿಮಗಳು ಎಂದೇ ಕರೆಯುತ್ತೇನೆ.

ನಾನು ಆರೋಗ್ಯ ಉಪಕೇಂದ್ರವೊಂದರಲ್ಲಿ ಕೆಲಸ ಮಾಡುವವಳು. ಮೊದಲು ಕಿರಿಯ ಮಹಿಳಾ ಆರೋಗ್ಯ ಸಹಾಯಕಿ ಅನ್ನುತ್ತಿದ್ದರು, ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಅನ್ನುತ್ತಾರೆ. ಊರವರಿಗೆ ಆಗಲೂ ಈಗಲೂ ನರ್ಸಮ್ಮ. ನಮಗೆ ಆಗಾಗ ತರಬೇತಿ ಇರುತ್ತದೆ. ಅಲ್ಲಿ ಪರದೆಯ ಮೇಲೆ ಅಂಕಿ ತೋರಿಸುತ್ತಾರೆ: 1951ರಲ್ಲಿ ದೇಶದ ಜನಸಂಖ್ಯೆ 36 ಕೋಟಿ, 2011ರಲ್ಲಿ 121 ಕೋಟಿ, 2023ರಲ್ಲಿ ಚೀನಾವನ್ನೂ ದಾಟಿದ್ದೇವೆ. ಕೆಳಗೆ "ಕಾರಣಗಳು: ಅನಕ್ಷರತೆ, ಬಡತನ, ಮೂಢನಂಬಿಕೆ" ಎಂದು ಬರೆದಿರುತ್ತದೆ. 2016ರ ಬೇಸಿಗೆಯಲ್ಲಿ ನಾನೂ ಈ ಮೂರು ಪದಗಳನ್ನು ತಲೆಯಲ್ಲಿಟ್ಟುಕೊಂಡೇ ಆ ಮನೆಯ ಹೊಸ್ತಿಲು ತುಳಿದೆ. ಹತ್ತು ವರ್ಷದಲ್ಲಿ ಆ ಮೂರೂ ಪದ ನನ್ನ ಕೈಯಿಂದ ಜಾರಿಹೋದವು. ಅದು ಹೇಗಾಯಿತು ಎಂಬುದನ್ನು ಹೊಸದಾಗಿ ಕೆಲಸಕ್ಕೆ ಬಂದ ಸಹೋದ್ಯೋಗಿಗಳಿಗಾಗಿ ಬರೆಯುತ್ತಿದ್ದೇನೆ.

ಮನೆ, ಹೊಲ, ಮಣ್ಣು

ತುಂಗಭದ್ರಾ ಎಡದಂಡೆ ನಾಲೆಯ ಕೊನೆಯ ಭಾಗದ ಊರು. ನಾಲೆ ಇದೆ, ನೀರು ಬಂದರೆ ಬಂತು. ಗಂಡನ ಅಜ್ಜನಿಗೆ 24 ಎಕರೆ ಎರಿ ಹೊಲ ಇತ್ತು. ಅವನ ಮೂವರು ಗಂಡುಮಕ್ಕಳಿಗೆ ತಲಾ 8 ಎಕರೆ ಬಂತು. ಆ 8 ಎಕರೆ ಮತ್ತೆ ಮೂವರು ಅಣ್ಣತಮ್ಮಂದಿರಿಗೆ ಪಾಲಾಗಿ ಈ ಗಂಡನ ಪಾಲಿಗೆ 2 ಎಕರೆ 26 ಗುಂಟೆ ಉಳಿಯಿತು. ಅಕ್ಕತಂಗಿಯರಿಬ್ಬರಿಗೂ ಕಾನೂನಿನಂತೆ ಪಾಲು ಇತ್ತು. ಆದರೆ ತವರಿನ ದಾರಿ ಮುಚ್ಚಬಾರದೆಂದು ಅವರು ಹಕ್ಕು ಬಿಟ್ಟು ಸಹಿ ಹಾಕಿಕೊಟ್ಟಿದ್ದರು. ಮೂರು ತಲೆಮಾರಿನಲ್ಲಿ ಹೊಲ ಒಂಬತ್ತು ತುಂಡಾಯಿತು. ದೇಶದ ಲೆಕ್ಕವೂ ಹೀಗೇ ಇದೆ. 1970–71ರ ಕೃಷಿ ಗಣತಿಯಲ್ಲಿ ಸರಾಸರಿ ಹಿಡುವಳಿ 2.28 ಹೆಕ್ಟೇರ್ ಇತ್ತು, 2015–16ಕ್ಕೆ 1.08ಕ್ಕೆ ಇಳಿದಿತ್ತು.

ಹತ್ತಿ, ತೊಗರಿ ಬೆಳೆಯುವ ಆ ಎರಡೂವರೆ ಎಕರೆಯಿಂದ ಮನೆ ನಡೆಯುವುದಿಲ್ಲ. ಸುಗ್ಗಿ ಮುಗಿದ ಮೇಲೆ ಮೇಸ್ತ್ರಿಯ ಮುಂಗಡ ಹಿಡಿದು ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಕಟ್ಟುತ್ತಿರುವ ಅಪಾರ್ಟ್‌ಮೆಂಟಿನ ಪಕ್ಕದಲ್ಲಿ ನೀಲಿ ತಾಡಪಾಲಿನ ಶೆಡ್ಡು. ಗಂಡ ಸೆಂಟ್ರಿಂಗ್ ಕೆಲಸಕ್ಕೆ, ಹೆಂಡತಿ ಕಲಸಿದ ಸಿಮೆಂಟು ಹೊರಲು.

ಸೊಸೆ ಹುಟ್ಟಿದ್ದು 1992ರಲ್ಲಿ, ಮದುವೆ ಹದಿನೈದಕ್ಕೆ. 2008ರಲ್ಲಿ ಹೆಣ್ಣು, 2010ರಲ್ಲಿ ಹೆಣ್ಣು, 2011ರಲ್ಲಿ ಮತ್ತೆ ಹೆಣ್ಣು. ಮೂರನೆಯದನ್ನು ಮನೆಯಲ್ಲಿ "ಸಾಕವ್ವ" ಎಂದು ಕರೆದರು, ಹೆಣ್ಣು ಇನ್ನು ಸಾಕು ಎಂದು ದೇವರಿಗೆ ಕೇಳಲಿ ಅಂತ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬೇರೆ ಹೆಸರು ಬರೆದುಕೊಂಡರು, ಮನೆಯಲ್ಲಿ ಮಾತ್ರ ಹಳೆಯದೇ ಉಳಿಯಿತು. 2013ರಲ್ಲಿ ಗಂಡು ಹುಟ್ಟಿತು. ಏಳು ತಿಂಗಳ ಕೂಸಿಗೆ ಬೆಂಗಳೂರಿನ ಶೆಡ್ಡಿನಲ್ಲಿ ವಾಂತಿಭೇದಿ ಹತ್ತಿ, ಎರಡು ದಿನದಲ್ಲಿ ಹೋಯಿತು. ಒಂದು ಪೊಟ್ಟಣ ಓಆರ್‌ಎಸ್ ಕುಡಿಸುವವರು ಅಲ್ಲಿ ಯಾರೂ ಇರಲಿಲ್ಲ.

2016ರ ಬೇಸಿಗೆಯಲ್ಲಿ ನಾನು ಹೋದಾಗ ಆಕೆ ಐದನೆಯ ಬಸುರಿ. ವಯಸ್ಸು 24, ಹಿಮೋಗ್ಲೋಬಿನ್ 7.4. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಕಾಗದದಷ್ಟು ಬಿಳಿ.

ಅತ್ತೆ ಕಟ್ಟೆಯ ಮೇಲೆ ಕೂತು ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ನಾನು ಮಾತು ಶುರುಮಾಡಿದೆ: ಮಕ್ಕಳು ಹೆಚ್ಚಾದರೆ ತಾಯಿಗೆ ಕಷ್ಟ, ಖರ್ಚು, ಓದು... ಮುದುಕಿ ಮೊರದಿಂದ ಕಣ್ಣೆತ್ತದೆ ಅಂದಳು:

"ನಾ ಒಂಬತ್ತು ಹಡದೀನ್ರಿ. ನಾಕಕ್ಕ ಈ ಕೈಯಿಂದ ಮಣ್ಣು ಕೊಟ್ಟೀನಿ. ಐದು ಉಳದಾವ. ಅವಾಗ ನಾಕೇ ಹಡದಿದ್ರ ಯಾವ ನಾಕು ಉಳೀತಿದ್ವು, ನೀವ ಹೇಳ್ರಿ."

ನನ್ನ ಬಳಿ ಉತ್ತರವಿರಲಿಲ್ಲ. ನಂತರ ರಾತ್ರಿ ಕೂತು ಯೋಚಿಸಿದರೆ ಪರದೆಯ ಮೇಲಿನ 36 ಕೋಟಿ 121 ಕೋಟಿಯಾದ ಕಥೆ ಪೂರ್ತಿ ಆ ಮಾತಿನಲ್ಲೇ ಇತ್ತು. ಸ್ವಾತಂತ್ರ್ಯ ಬಂದಾಗ ನಮ್ಮ ದೇಶದವರ ಸರಾಸರಿ ಆಯುಸ್ಸು 32ರ ಆಸುಪಾಸು. ಆಮೇಲೆ ಲಸಿಕೆ ಬಂತು, ಸಿಡುಬು ಹೋಯಿತು, ಮಲೇರಿಯಾ ತಗ್ಗಿತು, ಪಡಿತರ ಬಂದು ಬರಗಾಲದ ಸಾವು ಕಡಿಮೆಯಾಯಿತು. ಸಾವು ಮೊದಲು ಇಳಿಯಿತು. ಹೆರುವ ಲೆಕ್ಕ ಇಳಿಯಲು ಒಂದೆರಡು ತಲೆಮಾರು ತಡವಾಯಿತು, ಯಾಕೆಂದರೆ ಮಕ್ಕಳು ಉಳಿಯುತ್ತಾರೆಂಬ ನಂಬಿಕೆ ಒಂದು ವರ್ಷದಲ್ಲಿ ಬರುವುದಿಲ್ಲ, ಮಣ್ಣು ಕೊಟ್ಟ ಕೈಗಳು ಮುದಿಯಾಗುವವರೆಗೆ ಬರುವುದಿಲ್ಲ. ಆ ನಡುವಿನ ಅಂತರದಲ್ಲೇ ಜನಸಂಖ್ಯೆ ಉಕ್ಕಿದ್ದು. ಈ ಮನೆಯಲ್ಲಂತೂ 2014ರಲ್ಲೂ ಒಂದು ಗಂಡು ಕೂಸಿಗೆ ಮಣ್ಣು ಕೊಟ್ಟಿದ್ದರು. ಅತ್ತೆಯ ಲೆಕ್ಕ ಹಳೆಯದೆಂದು ಹೇಳುವ ಬಾಯಿ ನನಗೆಲ್ಲಿತ್ತು?

ಗಂಡನಿಗೂ ಒಂದು ಮಾತಿತ್ತು. ಏಳನೆತ್ತೆ ಓದಿದವನು. ನಮ್ಮ ಉಪಕೇಂದ್ರದ ಗೋಡೆಯ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನದ ಪಕ್ಕ "ಆರತಿಗೊಬ್ಬಳು ಕೀರ್ತಿಗೊಬ್ಬ" ಎಂದು ಬರೆಸಿದ್ದು ಇನ್ನೂ ಮಾಸಿರಲಿಲ್ಲ. "ಅಕ್ಕಾರ, ನಿಮ್ಮ ಗ್ವಾಡಿ ಮ್ಯಾಲೂ ಕೀರ್ತಿಗೊಬ್ಬ ಅಂತನ ಐತೆಲ್ಲ. ನನಗ ಆರತಿ ಮೂರು ಆಗ್ಯಾವ, ಕೀರ್ತಿ ಎಲ್ಲೈತಿ?" ವರ್ಷಗಟ್ಟಲೆ ಆ ಗೋಡೆಯ ಪಕ್ಕದಲ್ಲೇ ಕೂತು ಲಸಿಕೆ ಹಾಕಿದ್ದೆ. ಸಣ್ಣ ಕುಟುಂಬದ ಘೋಷಣೆಯಲ್ಲೇ ಮಗನನ್ನು ಕಡ್ಡಾಯ ಮಾಡಿಬಿಟ್ಟಿದ್ದೇವೆಂದು ಒಮ್ಮೆಯೂ ಹೊಳೆದಿರಲಿಲ್ಲ. ಮುಂದಿನ ಸಲ ಸುಣ್ಣ ಹೊಡೆಸುವಾಗ ಅದನ್ನು ಅಳಿಸಿಸಿದೆ.

ಮೊದಲ ಪ್ರಯತ್ನ, ಮೊದಲ ತಪ್ಪು

ನಾನು ಆಗ ಹಿಡಿದ ದಾರಿ ಒಂದೇ: ಹೆರಿಗೆಯಾದ ಕೂಡಲೇ ಆಪರೇಷನ್. ಬಾಣಂತನ ಮುಗಿಯುವ ಮುಂಚೆ ಒಪ್ಪಿಸಿಬಿಡಬೇಕು. ನಮ್ಮ ರಾಜ್ಯದಲ್ಲಿ ಕುಟುಂಬ ಯೋಜನೆ ಎಂದರೆ ಹೆಚ್ಚು ಕಡಿಮೆ ಹೆಂಗಸಿನ ಆಪರೇಷನ್ ಎಂದೇ ಆಗಿದೆ. ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅದನ್ನೇ ಮಾಡಿಸಿಕೊಂಡಿದ್ದಾರೆ, ಗಂಡಸರ ಲೆಕ್ಕ ಸೊನ್ನೆಗೆ ಹತ್ತಿರ. ನಾನೂ ಬೇರೆ ಏನನ್ನೂ ಯೋಚಿಸಲಿಲ್ಲ. ನಾನು ಹೇಳಿದ್ದಕ್ಕೆಲ್ಲ ಆಕೆ "ಹೂಂನ್ರಿ" ಅಂದಳು. ನನ್ನೆದುರು "ಹೂಂ" ಅನ್ನುವುದು ನನ್ನನ್ನು ಸಾಗಹಾಕುವ ಮರ್ಯಾದೆಯ ದಾರಿ ಎಂದು ಆಗ ತಿಳಿಯಲಿಲ್ಲ.

ಅಕ್ಟೋಬರಿನಲ್ಲಿ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಹೆರಿಗೆಯಾಯಿತು. ನಾಲ್ಕನೆಯ ಹೆಣ್ಣು. ರಕ್ತ ಕಡಿಮೆಯಿದ್ದದ್ದರಿಂದ ಆಪರೇಷನ್ ಬೇಡವೆಂದರು. ಬದಲಿಗೆ ಬಸಿರು ತಡೆಯಲು, ಹೆರಿಗೆಯಾದ 48 ಗಂಟೆಯೊಳಗೆ ಗರ್ಭಕೋಶದಲ್ಲಿ ಇಡುವ ಕಾಪರ್-ಟಿ ಹಾಕಿ ಕಳಿಸಿದರು. ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಇತ್ತು. ಅದು ಯಾವುದಕ್ಕೆ ಎಂದು ಆಕೆಗೆ ಗೊತ್ತಿರಲಿಲ್ಲ. ಬಸಿರು, ಹೆರಿಗೆಯ ವಿವರ ದಾಖಲಿಸುವ ತಾಯಿ ಕಾರ್ಡಿನಲ್ಲಿ ಬರೆದದ್ದು ನೋಡಿ ನಾನು ಸಮಾಧಾನದಿಂದ ನನ್ನ ರಿಜಿಸ್ಟರಿನಲ್ಲೂ ದಾಖಲಿಸಿದೆ, ಮನೆಗೆ ಹೋಗಿ ಕೇಳಲಿಲ್ಲ.

ಆರು ವಾರಕ್ಕೆ ರಕ್ತಸ್ರಾವ ಜಾಸ್ತಿಯಾಯಿತು. ಒಳಗೆ ಏನೋ ಇದೆಯೆಂದು ಆಕೆಗೆ ತಿಳಿದದ್ದೇ ಆಗ. ಪಕ್ಕದೂರಿನ ಖಾಸಗಿ ವೈದ್ಯನೊಬ್ಬ ತೆಗೆದುಹಾಕಿದ. ಕೇಳದೆ ಹೊಟ್ಟೆಯೊಳಗೆ ತಂತಿ ಇಟ್ಟು ಕಳಿಸಿದ್ದಾರೆಂಬ ಸುದ್ದಿ ಓಣಿಯಿಂದ ಓಣಿಗೆ ಹಬ್ಬಿತು. ನಾನು ಒಪ್ಪಿಸಿದ್ದ ಇನ್ನೂ ನಾಲ್ವರು ಹೆಂಗಸರು ಹಿಂದೆ ಸರಿದರು. ಅದರಲ್ಲಿ ಇಬ್ಬರು ಮುಂದಿನ ವರ್ಷವೇ ಮತ್ತೆ ಬಸುರಿಯಾದರು.

ಕಾಪರ್-ಟಿ ಒಳ್ಳೆಯ ಸಾಧನ, ಬೇಡವೆಂದಾಗ ತೆಗೆಸಬಹುದು, ಆಪರೇಷನ್‌ನಷ್ಟೇ ಭದ್ರ. ಆದರೆ ಕೇಳದೆ ಹಾಕಿದ ಒಂದೇ ಒಂದು ಕಾಪರ್-ಟಿ ನನ್ನ ಎರಡು ವರ್ಷದ ಕೆಲಸವನ್ನು ತಿಂದಿತು. ಅತ್ತೆ ಅದಕ್ಕೊಂದು ಹಳೆಯ ಕಥೆಯನ್ನೂ ಜೋಡಿಸಿದಳು: 1976ರಲ್ಲಿ, ತುರ್ತುಪರಿಸ್ಥಿತಿಯ ಕಾಲಕ್ಕೆ, ಆಪರೇಷನ್‌ಗೆ ಹಿಡಕೊಂಡು ಹೋಗ್ತಾರೆಂದು ಹೆದರಿ ಆಕೆಯ ಗಂಡ ಮೂರು ರಾತ್ರಿ ಜೋಳದ ಹೊಲದಲ್ಲಿ ಮಲಗಿದ್ದನಂತೆ. ಆ ವರ್ಷ ದೇಶದಲ್ಲಿ ಲಕ್ಷಾಂತರ ಗಂಡಸರಿಗೆ ಗುರಿ ಮುಟ್ಟುವ ಅವಸರದಲ್ಲಿ ಆಪರೇಷನ್ ಮಾಡಿದರು. ನಾಲ್ಕು ದಶಕ ಕಳೆದರೂ ನೋ-ಸ್ಕಾಲ್ಪೆಲ್ ವಾಸೆಕ್ಟಮಿ, ಅಂದರೆ ಗಂಡಸರ ಆಪರೇಷನ್, ಎಂದು ಬಾಯಿ ತೆಗೆದರೆ ಗಂಡಸರು ಎದ್ದು ಹೋಗುವುದಕ್ಕೆ ಆ ಹೊಲದ ರಾತ್ರಿಗಳೂ ಕಾರಣ. ಬಲವಂತದಿಂದ ತಗ್ಗಿಸಿದ ಸಂಖ್ಯೆ ಮುಂದೆ ಬಡ್ಡಿ ಸಮೇತ ವಾಪಸ್ಸಾಗುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ.

ಗುರುವಾರದ ಪಿಸುಮಾತು

ಎರಡು ವರ್ಷ ನಾನು ಆ ಮನೆಯಲ್ಲಿ ಆಪರೇಷನ್ ಪದವನ್ನೇ ಎತ್ತಲಿಲ್ಲ. ಕೂಸಿನ ಲಸಿಕೆ, ತೂಕ, ಕಬ್ಬಿಣದ ಮಾತ್ರೆ, ಇಷ್ಟೇ. ಇದು ಲೆಕ್ಕ ಹಾಕಿ ತೆಗೆದುಕೊಂಡ ತೀರ್ಮಾನವೇನಲ್ಲ, ಮುಖವಿರಲಿಲ್ಲ ಅಷ್ಟೇ.

2018ರ ಮೇ ತಿಂಗಳ ಒಂದು ಗುರುವಾರ, ಅಂಗನವಾಡಿಯಲ್ಲಿ ಲಸಿಕೆ ನಡೆಯುತ್ತಿತ್ತು. ಎಲ್ಲರೂ ಹೋದ ಮೇಲೂ ಆಕೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತೇ ಇದ್ದಳು. ಆಶಾ ಕಾರ್ಯಕರ್ತೆ ಬಾಗಿಲ ಬಳಿ ಚಪ್ಪಲಿ ಹುಡುಕುತ್ತಿದ್ದಾಗ ಮೆಲ್ಲಗೆ ಕೇಳಿದಳು: "ಮನ್ಯಾಗ ಯಾರಿಗೂ ಗೊತ್ತಾಗದಂಗ ಏನರ ಐತೇನ್ರಿ ಅಕ್ಕಾರ?"

ಈ ಪ್ರಕರಣದ ಮೊದಲ ತಿರುವು ಇದು. ಮೊದಲ ಸಲ ಆಕೆ ತಾನಾಗಿ ಕೇಳಿದ್ದಳು. ನಮ್ಮಲ್ಲಿ ಆಗಷ್ಟೇ ಬಸಿರು ತಡೆಯುವ ಅಂತರಾ ಇಂಜೆಕ್ಷನ್ ಬಂದಿತ್ತು, ಮೂರು ತಿಂಗಳಿಗೊಂದು. ಈ ಸಲ ನಾನು ಒಂದೂ ಮುಚ್ಚಿಡಲಿಲ್ಲ: ಮುಟ್ಟು ಏರುಪೇರಾಗುತ್ತದೆ, ಆಮೇಲೆ ನಿಂತೇ ಹೋಗಬಹುದು, ಅದು ರೋಗವಲ್ಲ, ನಿಲ್ಲಿಸಿದರೆ ಮತ್ತೆ ಬಸುರಾಗಲು ಕೆಲವು ತಿಂಗಳು ಹಿಡಿಯಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ತಪಾಸಣೆ ಮಾಡಿದ ಮೇಲೆ ಮೊದಲ ಡೋಸ್ ಕೊಟ್ಟರು. ಕಾರ್ಡು ಆಶಾಳ ಮನೆಯಲ್ಲೇ ಉಳಿಯಿತು.

ಗುಟ್ಟು ಆರು ತಿಂಗಳಲ್ಲಿ ಹೊರಬಿತ್ತು, ಅದೂ ನಾವು ಯಾರೂ ಎಣಿಸದ ದಾರಿಯಲ್ಲಿ. ಮುಟ್ಟಾದವರು ಮೂರು ದಿನ ಹೊರಗೆ ಕೂಡುವ ಮನೆ ಅದು. ಸೊಸೆ ಹೊರಗೆ ಕೂಡುವುದು ನಿಂತದ್ದನ್ನು ಅತ್ತೆ ಗಮನಿಸಿದಳು. ಬಸುರಿಯೆಂದು ತಿಳಿದು, ಈ ಸಲ ಗಂಡಾದರೆ ಹುಲಿಗೆಮ್ಮಗೆ ಬಂದು ಉಡಿ ತುಂಬುತ್ತೇನೆಂದು ಹರಕೆ ಹೊತ್ತಳು. ಹೊಟ್ಟೆ ಬರಲೇ ಇಲ್ಲ. ಕೊನೆಗೆ ಸೊಸೆ ಬಾಯಿಬಿಟ್ಟಳು. ಮನೆಯ ಅಂಗಳ, ಮುಟ್ಟಿನ ಕಟ್ಟುಪಾಡು ಇವನ್ನೆಲ್ಲ ಕೇಳಿ ತಿಳಿಯದೆ ಗುಟ್ಟಿನ ಸಾಧನ ಕೊಡಬಾರದೆಂದು ನಾನು ಕಲಿತದ್ದು ಹೀಗೆ.

ಅತ್ತೆ ಹದಿನೈದು ದಿನ ಆಶಾಳ ಜೊತೆ ಮಾತು ಬಿಟ್ಟಳು. ಆಮೇಲೆ ಒಂದು ಸಂಜೆ ತಾನೇ ಉಪಕೇಂದ್ರಕ್ಕೆ ಬಂದು ಮೆಟ್ಟಿಲ ಮೇಲೆ ಕೂತಳು. ಜಗಳಕ್ಕೆ ಬಂದಿದ್ದಾಳೆಂದುಕೊಂಡೆ. ಆಕೆ ಕೇಳಿದ್ದು ಒಂದೇ: "ಗಂಡು ಇರಲಿಲ್ಲಂದ್ರ ನಾಳೆ ಇಕಿನ್ನ ಯಾರು ನೋಡ್ತಾರ? ನನ್ನ ಗಂಡ ಸತ್ತು ಹತ್ತು ವರ್ಷಾತು, ಮಗ ಇದ್ದದ್ದಕ್ಕ ನಾ ಉಂಡೀನಿ." ಮೂಢನಂಬಿಕೆ ಎಂದು ನಾನು ಬರೆದಿಟ್ಟುಕೊಂಡದ್ದು ಅಸಲಿಗೆ ಮುಪ್ಪಿನ ಕೂಳಿನ ಪ್ರಶ್ನೆ. ಪಿಂಚಣಿ ಇಲ್ಲದವನಿಗೆ ಮಗನೇ ಪಿಂಚಣಿ. ಹೆಣ್ಣುಮಕ್ಕಳು ಕೊಟ್ಟ ಮನೆಯವರು, ಅವರ ಮನೆಯಲ್ಲಿ ಎರಡು ದಿನಕ್ಕಿಂತ ಹೆಚ್ಚು ಉಣ್ಣಬಾರದು.

"ವಿಧವಾ ವೇತನ ಬರತೈತೇನಮ್ಮ?" ಎಂದೆ. ಬರುತ್ತಿರಲಿಲ್ಲ. ಗಂಡನ ಮರಣ ಪ್ರಮಾಣಪತ್ರವೇ ಇರಲಿಲ್ಲ. ಆಶಾ ಮತ್ತು ನಾನು ಅದರ ಹಿಂದೆ ಬಿದ್ದೆವು. ನಾಡಕಚೇರಿಗೆ ಐದು ಸಲ ಓಡಾಡಿ, ಆಧಾರ್‌ನಲ್ಲಿ ವಯಸ್ಸು ತಿದ್ದಿಸಿ, 2019ರ ಜೂನ್‌ನಲ್ಲಿ ಮೊದಲ ಹಣ ಅಂಚೆ ಕಚೇರಿಯ ಖಾತೆಗೆ ಬಂತು. ಇದು ನನ್ನ ಕೆಲಸದ ಪಟ್ಟಿಯಲ್ಲಿ ಇಲ್ಲ, ಮಾಸಿಕ ವರದಿಯಲ್ಲಿ ಇದಕ್ಕೆ ಕಾಲಂ ಇಲ್ಲ. ಆದರೆ ಆಗಸ್ಟ್ ಡೋಸ್‌ಗೆ ಸೊಸೆಯನ್ನು ಕರೆದುಕೊಂಡು ಬಂದವಳು ಅತ್ತೆಯೇ.

ಲಾಕ್‌ಡೌನ್

2019ರಲ್ಲಿ ಹತ್ತಿ ಕೈಕೊಟ್ಟಿತು. ದೀಪಾವಳಿ ಮುಗಿದ ಮೇಲೆ ಅತ್ತೆಯನ್ನು ಬಿಟ್ಟು ಮನೆ ಮಂದಿಯೆಲ್ಲ ಬೆಂಗಳೂರಿಗೆ ಹೋದರು. ನವೆಂಬರ್ ಡೋಸ್ ತಪ್ಪಿತು. ಯಾವ ಸರ್ಕಾರಿ ಆಸ್ಪತ್ರೆಯಲ್ಲಾದರೂ ಹಾಕಿಸಿಕೊಳ್ಳಬಹುದಿತ್ತು. ಆದರೆ ಕಾರ್ಡು ಆಶಾಳ ಮನೆಯ ಡಬ್ಬಿಯಲ್ಲೇ ಇತ್ತು, ಗುಟ್ಟು ಬಯಲಾದ ಮೇಲೂ ಅದನ್ನು ಆಕೆಯ ಕೈಗೆ ಕೊಡುವುದು ನಮಗೆ ಹೊಳೆಯಲಿಲ್ಲ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯಿತು. ಮೇ ತಿಂಗಳಲ್ಲಿ ಊರಿಗೆ ಬಂದರು, ಶಾಲೆಯಲ್ಲಿ ಕ್ವಾರಂಟೈನ್ ಕೂಡಿಸಿದರು. ನಾವೆಲ್ಲ ಜ್ವರ ಅಳೆಯುವುದರಲ್ಲಿ, ಗಂಟಲು ದ್ರವ ಕಳಿಸುವುದರಲ್ಲಿ ಮುಳುಗಿದ್ದೆವು. ಅಂತರಾ ನೆನಪಾಗುವ ಹೊತ್ತಿಗೆ ಆಕೆ ಮತ್ತೆ ಬಸುರಿ.

2021ರ ಫೆಬ್ರವರಿಯಲ್ಲಿ ಗಂಡು ಹುಟ್ಟಿತು. ಓಣಿಗೆಲ್ಲ ಪೇಡೆ ಹಂಚಿದರು.

ಅತ್ತೆ ಈಗ ಇನ್ನೊಂದು ಮಾತು ತೆಗೆದಳು: "ಒಂದು ಕಣ್ಣು ಕಣ್ಣಲ್ಲ, ಒಬ್ಬ ಮಗ ಮಗನಲ್ಲ." ಸತ್ತ ಕೂಸಿನ ನೆನಪು ಆ ಗಾದೆಯ ಹಿಂದೆ ಇತ್ತು. ಸೊಸೆ ಆಗ ಹೇಳಿದ್ದನ್ನು ಆಶಾ ನನಗೆ ಹಾಗೇ ಹೇಳಿದಳು: "ಅತ್ತಿ, ಇದ್ದ ಕಣ್ಣ ಕಾಯಮು. ಇವಕ್ಕೊಂದು ಜ್ವರ ಬಂದ್ರ ನಾನ ನೋಡತೀನಿ, ಇನ್ನೊಂದು ಹಡಿಯಾಕ ನನ್ನ ಕಡೆ ರಕ್ತ ಇಲ್ಲ." ಕೋವಿಡ್‌ನ ಎರಡನೇ ಅಲೆಗೆ ಆಪರೇಷನ್‌ಗಳು ನಿಂತಿದ್ದವು. ಅವು ಮತ್ತೆ ಶುರುವಾಗುವವರೆಗೆ ಬಸಿರು ತಡೆಯುವ ಛಾಯಾ ಮಾತ್ರೆ ಕೊಟ್ಟೆ, ಹಾಲೂಡಿಸುವವರಿಗೂ ಆಗುತ್ತದೆ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೊಂದು. ಭಾನುವಾರ, ಬುಧವಾರ ಎಂದು ಹಿರಿಮಗಳೇ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದಳು. ಗಂಡನಿಗೆ ಮಾಡಿಸೋಣವೆಂದು ಒಂದು ಮಾತು ಹಾಕಿ ನೋಡಿದೆ. ಕೆಲವೇ ನಿಮಿಷದ ಕೆಲಸ, ಹೊಲಿಗೆಯಿಲ್ಲ ಎಂದೆ. "ಸೆಂಟ್ರಿಂಗ್ ಹೊರೋ ಮೈ ಅಕ್ಕಾರ" ಎಂದು ಎದ್ದು ಹೋದ. ನವೆಂಬರಿನಲ್ಲಿ ರಕ್ತ 10ಕ್ಕೆ ಏರಿದ ಮೇಲೆ ಆಕೆಗೇ ಆಪರೇಷನ್ ಆಯಿತು. ಈ ಸಲ ಒಪ್ಪಿಗೆ ಪತ್ರವನ್ನು ಹಿರಿಮಗಳು ಗಟ್ಟಿಯಾಗಿ ಓದಿ ಹೇಳಿದಳು.

ರಿಜಿಸ್ಟರಿನಲ್ಲಿ ಆ ಮನೆಯ ಸಾಲಿಗೆ ಗೆರೆ ಎಳೆದೆ. ಕೆಲಸ ಮುಗಿಯಿತೆಂದುಕೊಂಡೆ.

ಮುಗಿದಿರಲಿಲ್ಲ

2023ರ ಏಪ್ರಿಲ್ 15ಕ್ಕೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯಿತು. ಹಿರಿಮಗಳಿಗೆ ಹದಿನೈದು ತುಂಬಿತ್ತು. ಮರುದಿನ ಸಾಕವ್ವ ಆಶಾಳ ಮನೆಗೆ ಮಜ್ಜಿಗೆ ಕೇಳುವ ನೆಪದಲ್ಲಿ ಓಡಿ ಬಂದಳು. ಬರುವ ಶನಿವಾರ ಅಕ್ಷಯ ತೃತೀಯದ ದಿನ ಅಕ್ಕನ ಮದುವೆಯಂತೆ, ಸೋದರಮಾವನ ಜೊತೆ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹುಡುಗಿಯ ಬಗ್ಗೆ ಆತಂಕವಿತ್ತು, ಅದರ ಜೊತೆಗೆ ಒಂದು ಲೆಕ್ಕವೂ ತಲೆಯಲ್ಲಿ ಸುತ್ತುತ್ತಿತ್ತು. ಈ ಮದುವೆಯಾದರೆ ಮರುವರ್ಷ ಕೂಸು. ಆಪರೇಷನ್ ಮಾಡಿಸಿಕೊಂಡ ನನ್ನ ಸೊಸೆ 32ಕ್ಕೆ ಅಜ್ಜಿಯಾಗುತ್ತಾಳೆ. ಆಕೆಯ ಮೂರು ವರ್ಷದ ಮಗನೂ ಅವನ ಅಳಿಯನೂ ಒಂದೇ ಅಂಗನವಾಡಿಯಲ್ಲಿ ಉಪ್ಪಿಟ್ಟು ತಿನ್ನುತ್ತಾರೆ. ಹದಿನಾರಕ್ಕೆ ಹೆರುವ ಮನೆಯಲ್ಲಿ 48 ವರ್ಷಕ್ಕೆ ಮೂರು ತಲೆಮಾರು ಹುಟ್ಟುತ್ತವೆ. ಇಪ್ಪತ್ನಾಲ್ಕಕ್ಕೆ ಹೆತ್ತರೆ ಎರಡೇ. ಪ್ರತಿಯೊಬ್ಬಳೂ ಎರಡೇ ಹೆತ್ತರೂ ಈ ಲೆಕ್ಕ ಬದಲಾಗುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 2.0 ಮಕ್ಕಳು, ಕರ್ನಾಟಕದಲ್ಲಿ 1.7. ಜನಸಂಖ್ಯೆ ಒಂದೇ ಮಟ್ಟದಲ್ಲಿ ನಿಲ್ಲಲು ಬೇಕಾದ 2.1ಕ್ಕಿಂತ ಇದು ಕಡಿಮೆ. ಆದರೂ ದೇಶದ ಜನ ಹೆಚ್ಚುತ್ತಲೇ ಇದ್ದಾರೆ, ಯಾಕೆಂದರೆ ಹಿಂದಿನ ತಲೆಮಾರಿನಲ್ಲಿ ಹುಟ್ಟಿದ ದೊಡ್ಡ ಗುಂಪು ಈಗ ಹೆರುವ ವಯಸ್ಸಿಗೆ ಬಂದಿದೆ. ಆ ಗುಂಪು ಎಷ್ಟು ಹೆರುತ್ತದೆ ಎಂಬಷ್ಟೇ ಮುಖ್ಯ ಯಾವಾಗ ಹೆರುತ್ತದೆ ಎಂಬುದು. ಏಳು ವರ್ಷ ನಾನು ತಾಯಿಯ ಹೊಟ್ಟೆಯನ್ನೇ ನೋಡುತ್ತಾ ಕೂತಿದ್ದೆ, ಮಗಳು ಬೆಳೆದದ್ದನ್ನು ನೋಡಿರಲಿಲ್ಲ.

ಕರ್ನಾಟಕದಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಮಾಡಿಸಿದವರಿಗೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡ. ಮಕ್ಕಳ ಸಹಾಯವಾಣಿ 1098ಕ್ಕೆ ಒಂದು ಫೋನ್ ಸಾಕು. ಆದರೆ ಫೋನ್ ಮಾಡಿ ಕೈತೊಳೆದುಕೊಂಡರೆ ಏನಾಗುತ್ತದೆಂದು ಹಿಂದೆ ಬೇರೆ ಊರುಗಳಲ್ಲಿ ನೋಡಿದ್ದೆ: ಅಧಿಕಾರಿಗಳ ಮುಂದೆ ಮುಚ್ಚಳಿಕೆ ಬರೆದುಕೊಡುತ್ತಾರೆ, ವಾರದ ಮೇಲೆ ಯಾವುದೋ ದೂರದ ಗುಡಿಯಲ್ಲಿ ತಾಳಿ ಕಟ್ಟುತ್ತಾರೆ. ಸುಮ್ಮನಿದ್ದರಂತೂ ಹುಡುಗಿಗೆ ದ್ರೋಹ. ಆಶಾ, ಅಂಗನವಾಡಿ ಕಾರ್ಯಕರ್ತೆ, ನಾನು ಮೂವರೂ ಕೂತು ಎರಡನ್ನೂ ಮಾಡುವುದೆಂದು ತೀರ್ಮಾನಿಸಿದೆವು. ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಅಂದೇ ತಿಳಿಸಿದೆವು. ಅವರು ಬರುವ ಮುಂಚೆ ನಾವೇ ಆ ಮನೆಗೆ ಹೋದೆವು, ಬೈಸಿಕೊಳ್ಳುವುದಿದ್ದರೆ ಎದುರಿಗೇ ಬೈಸಿಕೊಳ್ಳೋಣ ಎಂದು.

ಮದುವೆಗೆ ಹಟ ಹಿಡಿದವಳು ಸೊಸೆಯೇ. ಅತ್ತೆ ಗೋಡೆಗೆ ಒರಗಿ ಸುಮ್ಮನೆ ಕೂತಿದ್ದಳು.

"ತಮ್ಮ ವರದಕ್ಷಿಣಿ ಕೇಳಂಗಿಲ್ಲ, ಬಂಗಾರ ಕೇಳಂಗಿಲ್ಲ. ನನಗ ನಾಕು ಹೆಣ್ಣ ಅದಾವ್ರಿ ಅಕ್ಕಾರ. ನಾವು ಗುಳೇ ಹೋದ್ರ ಬೆಳದ ಹುಡುಗಿನ್ನ ಈ ಮುದುಕಿ ಕೈಯಾಗ ಬಿಟ್ಟು ಹೋಗ್ಲ್ಯಾ? ಶೆಡ್ಡಿಗೆ ಕರಕೊಂಡು ಹೋಗ್ಲ್ಯಾ? ಅಲ್ಲಿ ಬಾಗಲನ ಇಲ್ಲ."

ಬಾಗಿಲಿಲ್ಲದ ಶೆಡ್ಡಿನಲ್ಲಿ ಹದಿನೈದರ ಮಗಳನ್ನು ಮಲಗಿಸುವ ತಾಯಿಗೆ ಕಾನೂನು ಓದಿ ಹೇಳುವುದು ಸುಲಭ. ಮಕ್ಕಳು ಹೆಚ್ಚಾದದ್ದಕ್ಕೆ ಹೊಲ ಸಾಲದು, ಹೊಲ ಸಾಲದ್ದಕ್ಕೆ ಗುಳೆ, ಗುಳೆಯ ಭಯಕ್ಕೆ ಎಳೆಯ ಮದುವೆ, ಎಳೆಯ ಮದುವೆಯಿಂದ ಮತ್ತೆ ಮಕ್ಕಳು. ಯಾವುದು ಕಾರಣ, ಯಾವುದು ಪರಿಣಾಮ ಎಂದು ಎರಡು ಕಾಲಂ ಮಾಡಿ ಬರೆಯಲು ಅಂದಿನಿಂದ ನನ್ನ ಕೈಲಾಗಿಲ್ಲ. ನಾನು ಕೇಳಿದ್ದು ಇಷ್ಟು: "ಆಕೀಗೆ ಇರಾಕ ಬಾಗಲಿರೋ ಜಾಗ ಸಿಕ್ರ?"

ಆಗ ಅತ್ತೆ ಬಾಯಿ ತೆರೆದಳು. ಸೊಸೆಯ ಕಡೆ ತಿರುಗಿ ಅಂದಳು: "ನಿನ್ನ ಮೊದಲ ಹೆರಿಗೀಗೆ ಎರಡು ದಿನ ಒದ್ದಾಡಿದಿ. ಕೂಸಿಗೊಂದು, ನಿನಗೊಂದು, ಎರಡು ಕುಣಿ ತಗಸಬೇಕಾಗ್ತದೇನೋ ಅಂತ ನಾ ಹೊರಗ ಕುಂತಿದ್ದೆ. ನಾಕು ಸಾಕು ನನಗ. ಮಮ್ಮಗಳಿಗೆ ಮಣ್ಣು ಕೊಡಾಕ ನಾ ಒಲ್ಲೆ."

ಸೊಸೆ ಸೆರಗು ಬಾಯಿಗೆ ಹಿಡಿದುಕೊಂಡಳು. ಹಿರಿಮಗಳು ಒಳಗಿನ ಬಾಗಿಲ ಹಿಂದೆ ನಿಂತಿದ್ದಳು, ನನಗೆ ಅವಳ ಬಳೆಯ ಸದ್ದು ಮಾತ್ರ ಕೇಳಿಸಿತು.

ಮದುವೆ ನಿಂತಿತು. ಅಧಿಕಾರಿಗಳು ಬಂದು ಮುಚ್ಚಳಿಕೆ ಬರೆಸಿಕೊಂಡರು. ಆದರೆ ನಿಂತದ್ದು ಉಳಿಯಲು ಹಾಸ್ಟೆಲ್ ಬೇಕಿತ್ತು. ಮೇ 8ಕ್ಕೆ ಫಲಿತಾಂಶ ಬಂತು, ಪ್ರಥಮ ದರ್ಜೆ. ಜಾತಿ, ಆದಾಯ ಪ್ರಮಾಣಪತ್ರ ಮಾಡಿಸಿ, ತಾಲ್ಲೂಕು ಕೇಂದ್ರದ ಮೆಟ್ರಿಕ್ ನಂತರದ ಬಾಲಕಿಯರ ಹಾಸ್ಟೆಲಿಗೆ ಅರ್ಜಿ ಹಾಕಿದೆವು. ಸೀಟು ಸಿಗಲು ಜುಲೈ ಕಳೆಯಿತು. ಅಷ್ಟು ದಿನ ಹುಡುಗಿ ದಿನವೂ ಬಸ್ಸಿನಲ್ಲಿ ಓಡಾಡಿದಳು. ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾಗಿ ಹೆಂಗಸರಿಗೆ ಬಸ್ ಉಚಿತವಾಗಿತ್ತು. ಆ ಎರಡು ತಿಂಗಳ ಬಸ್ ಚಾರ್ಜು ಕೊಡಬೇಕಾಗಿ ಬಂದಿದ್ದರೆ ಅವಳು ಜುಲೈವರೆಗೆ ಕಾಲೇಜಿನಲ್ಲಿ ಇರುತ್ತಿರಲಿಲ್ಲ, ಇದನ್ನು ಅವಳೇ ಹೇಳುತ್ತಾಳೆ.

ಇದಕ್ಕೆ ಬೆಲೆ ತೆತ್ತವಳು ಸೊಸೆ. ಆ ಶ್ರಾವಣದಲ್ಲಿ ನಾಗರಪಂಚಮಿಗೆ ಕರೆಯಲು ತವರಿನಿಂದ ಯಾರೂ ಬರಲಿಲ್ಲ. ಮದುವೆಯಾಗಿ ಹದಿನಾರು ವರ್ಷ, ಒಂದು ಪಂಚಮಿಗೂ ತಮ್ಮ ಬರದೆ ಇದ್ದದ್ದಿಲ್ಲ. ಓಣಿಯ ಹೆಂಗಸರೆಲ್ಲ ಜೋಕಾಲಿ ಆಡುವಾಗ ಆಕೆ ಉಪಕೇಂದ್ರಕ್ಕೆ ಬಂದು ತಲೆನೋವಿನ ಗುಳಿಗೆ ಕೇಳಿದಳು. ಕೊಟ್ಟೆ. ಗುಳಿಗೆ ಕೈಯಲ್ಲಿ ಹಿಡಿದು ಅಳುತ್ತಾ ಕೂತಳು. ತವರು ಕಳೆದುಕೊಳ್ಳುವುದು ಆಕೆಗೆ ಸಣ್ಣ ಮಾತಲ್ಲ. ನಾಳೆ ಗಂಡನ ಮನೆಯಲ್ಲಿ ಏನಾದರೂ ಆದರೆ ಹೋಗಲು ಇರುವ ಇನ್ನೊಂದು ಮನೆ ಅದು. ಮರುವರ್ಷವೂ ತಮ್ಮ ಬರಲಿಲ್ಲ. 2025ರಲ್ಲಿ ಬಂದ.

ಎಲ್ಲಿಗೆ ಬಂತು

ಹಿರಿಮಗಳು 2025ರಲ್ಲಿ ದ್ವಿತೀಯ ಪಿಯುಸಿ ಮುಗಿಸಿ ಈಗ ಪದವಿ ಓದುತ್ತಿದ್ದಾಳೆ. ಸಾಕವ್ವ ಶಾಲೆಯಲ್ಲಿದ್ದಾಳೆ. ಊರಿನಲ್ಲಿ ಆ ವರ್ಷದ ನಂತರ ಇನ್ನೂ ಮೂರು ಮನೆಯವರು ಹಾಸ್ಟೆಲ್ ಅರ್ಜಿ ಕೇಳಿಕೊಂಡು ಬಂದರು. ನಾನು ಈಗ ಬಸುರಿಯರ ಪಟ್ಟಿಯ ಜೊತೆಗೆ ಹದಿಮೂರು ದಾಟಿದ ಹುಡುಗಿಯರ ಪಟ್ಟಿಯನ್ನೂ ಇಟ್ಟುಕೊಂಡಿದ್ದೇನೆ. ಯಾರು ಶಾಲೆ ಬಿಟ್ಟರು, ಯಾರ ಮನೆಯವರು ಗುಳೆ ಹೊರಟರು, ಯಾರಿಗೆ ಬಾಗಿಲಿರುವ ಜಾಗ ಬೇಕು ಎಂದು. ಗುಳೆ ಹೋಗುವ ಹೆಂಗಸರಿಗೆ ಅಂತರಾ ಕಾರ್ಡು ಅವರ ಕೈಗೇ ಕೊಟ್ಟು, ಮುಂದಿನ ಡೋಸಿನ ದಿನಾಂಕವನ್ನು ಮೊಬೈಲಿನಲ್ಲಿ ಫೋಟೋ ಹಿಡಿಸಿ ಕಳಿಸುತ್ತೇನೆ.

ಎರಡನೆಯ ಮಗಳ ವಿಷಯ ಹೇಳದೆ ಇದನ್ನು ಮುಗಿಸಿದರೆ ಸುಳ್ಳು ಬರೆದಂತೆ. 2010ರಲ್ಲಿ ಹುಟ್ಟಿದವಳು. ಲಾಕ್‌ಡೌನ್‌ನಲ್ಲಿ ಶಾಲೆ ಮುಚ್ಚಿದಾಗ ಐದನೆತ್ತೆ ಮುಗಿದಿತ್ತು, ಮತ್ತೆ ಹೋಗಲಿಲ್ಲ. ತಮ್ಮ ಹುಟ್ಟಿದ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತವಳು ಇವಳೇ. ಅಕ್ಕ ಹಾಸ್ಟೆಲಿಗೆ ಹೋದದ್ದು ಇವಳು ಮನೆಯಲ್ಲಿ ಉಳಿದದ್ದರಿಂದ. ಹತ್ತಿ ಬಿಡಿಸಲು ಹೋಗುತ್ತಾಳೆ. ಕೆಜಿ ಲೆಕ್ಕದ ಕೂಲಿ, ಬೆರಳ ತುದಿಯೆಲ್ಲ ಹತ್ತಿಕಾಯಿಯ ಮುಳ್ಳು ಗೀರಿ ಒರಟಾಗಿವೆ. ಈ ಮನೆಯ ಪ್ರಕರಣವನ್ನು ಯಶಸ್ಸು ಎಂದು ಸಭೆಯೊಂದರಲ್ಲಿ ಹೇಳಲು ನನ್ನನ್ನು ಕರೆದಿದ್ದರು. ಅವಳ ಬೆರಳು ನೆನಪಾಗಿ ಒಪ್ಪಲಿಲ್ಲ.

ಈ ವರ್ಷ ತಮ್ಮನಿಗೆ ಐದು ವರ್ಷದ ಬೂಸ್ಟರ್ ಹಾಕಿಸಲು ಅವಳೇ ಕರೆದುಕೊಂಡು ಬಂದಳು. ಸೂಜಿ ಚುಚ್ಚಿ ಅವನ ಅಳು ನಿಂತ ಮೇಲೆ ಕೇಳಿದಳು: "ನರ್ಸಮ್ಮ, ಅಕ್ಕನ ಹಾಸ್ಟೆಲಿಗೆ ಹೋಗಾಕ ಎಷ್ಟನೆತ್ತೆ ಪಾಸ್ ಆಗಿರಬೇಕು?" ಎಸ್ಸೆಸ್ಸೆಲ್ಸಿ ಎಂದೆ. ಐದರಿಂದ ಹತ್ತಕ್ಕೆ ಬೆರಳು ಮಡಚಿ ಎಣಿಸಿದಳು. ಹದಿನೈದು ತುಂಬಿದವರು ಖಾಸಗಿ ಅಭ್ಯರ್ಥಿಯಾಗಿ ನೇರ ಪರೀಕ್ಷೆಗೆ ಕೂಡಬಹುದು ಎಂದು ಹೇಳಿದೆ. ಸಂಜೆ ಪ್ರೌಢಶಾಲೆಯ ಮೇಷ್ಟ್ರನ್ನು ವಿಚಾರಿಸಿಕೊಂಡು ಅವರ ಮನೆಗೆ ಹೋದೆ. ಹುಟ್ಟಿದ ದಿನಾಂಕಕ್ಕೆ ದಾಖಲೆ ಬೇಕಿತ್ತು, ಜನನ ಪ್ರಮಾಣಪತ್ರ ಮಾಡಿಸಿರಲಿಲ್ಲ.

ಸೊಸೆ ಮಂಚದ ಕೆಳಗಿನ ಟ್ರಂಕು ಎಳೆದಳು. ಮದುವೆ ಸೀರೆಯ ಅಡಿಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದ ಆರು ತಾಯಿ ಕಾರ್ಡು ಹೊರಬಂದವು, ಸತ್ತ ಕೂಸಿನದೂ ಇತ್ತು. ಓದಲು ಬಾರದ ಆಕೆ ಬಣ್ಣ, ಕಲೆ, ಮಡಿಕೆ ನೋಡಿ ಒಂದೊಂದನ್ನೇ ಪಕ್ಕಕ್ಕಿಟ್ಟು, ಎರಡನೆಯದನ್ನು ತೆಗೆದು ಮಗಳ ಕೈಗೆ ಕೊಟ್ಟಳು.